ಸುರಂಗದ ಬಾಯಿಗೊಂದು ಹೊಸ್ತಿಲು

ಸುರಂಗ ಎಂದ ಕೂಡಲೇ ಜನ ಉದ್ದ ಎಷ್ಟು, ಆಳ ಎಷ್ಟು ಎಂದು ಕೇಳುತ್ತಾರೆ. ನಾನು ಮೊದಲು ನೋಡುವುದು ಅದರ ಬಾಯನ್ನು. ಒಳಗೆ ಹೋದಮೇಲೆ ಬಹುತೇಕ ಎಲ್ಲ ಸುರಂಗಗಳೂ ಒಂದೇ ಥರ. ಕಾಂಕ್ರೀಟ್ ಬಳೆ, ದೀಪದ ಸಾಲು, ಫ್ಯಾನು. ರಸ್ತೆ ನೆಲದೊಳಕ್ಕೆ ಇಳಿಯುವ ಆ ನೂರಿನ್ನೂರು ಮೀಟರಿನಲ್ಲಿ ಮಾತ್ರ ಮಳೆ, ಬಿಸಿಲು, ಹೊಗೆ, ಮಣ್ಣಿನ ಒತ್ತಡ, ಗಾಡಿ ಓಡಿಸುವವನ ಕಣ್ಣು ಎಲ್ಲವನ್ನೂ ಒಟ್ಟಿಗೆ ನಿಭಾಯಿಸಬೇಕು. ಕಟ್ಟಿದವರ ಯೋಗ್ಯತೆ ಗೊತ್ತಾಗುವುದು ಅಲ್ಲೇ.

ಈ ವಿಷಯವನ್ನು ಈಗ ಎತ್ತಲು ಕಾರಣವಿದೆ. ಬೆಂಗಳೂರಿನ ಹೆಬ್ಬಾಳದಿಂದ ಸೆಂಟ್ರಲ್ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಪ್ರಸ್ತಾವದ ಬಗ್ಗೆ ಜಗಳ ಜೋರಾಗಿದೆ. ಖರ್ಚು, ಟೋಲು, ಲಾಲ್‌ಬಾಗಿನ ಬಂಡೆ ಎಲ್ಲವೂ ಚರ್ಚೆಗೆ ಬಂದಿವೆ, ಬರಬೇಕಾದದ್ದೇ. ಎಲೆಕ್ಟ್ರಾನಿಕ್ಸ್ ಸಿಟಿ, ಬೊಮ್ಮಸಂದ್ರದ ಕಡೆಯಿಂದ ದಿನಾ ಊರೊಳಗೆ ಹೋಗಿಬರುವ ನಾವು ಇನ್ನೊಂದನ್ನೂ ಗಮನಿಸಬೇಕು. ಈ ಸುರಂಗದ ಉತ್ತರದ ಬಾಯಿ ಬರುವುದು ಹೆಬ್ಬಾಳ ಕೆರೆಯ ಆಸುಪಾಸಿನಲ್ಲಿ, ದಕ್ಷಿಣದ ಬಾಯಿ ಮಡಿವಾಳ ಕೆರೆಯ ಆಸುಪಾಸಿನಲ್ಲಿ. ಮಡಿವಾಳದ ಕೋಡಿ ನೀರು ಅಗರ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ ಹೋಗಬೇಕು. ದೊಡ್ಡ ಮಳೆ ಬಿದ್ದಾಗಲೆಲ್ಲ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮೊಣಕಾಲುದ್ದ ನೀರು ನಿಲ್ಲುವುದನ್ನು ನಾವು ನೋಡಿದ್ದೇವೆ. ದೊಡ್ಡ ನದಿಯಿಲ್ಲದ ಊರಿನಲ್ಲಿ ನದಿಯಡಿಯ ಸುರಂಗಕ್ಕೆ ಬೇಕಾದಷ್ಟೇ ಎಚ್ಚರಿಕೆ ಬೇಕಾದ ಜಾಗ ಅದು.

ನದಿಯಡಿ ಸುರಂಗ ತೋಡಿದವರ ಕಥೆ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಶುರುವಾಗುತ್ತದೆ. 1825ರಲ್ಲಿ ಎಂಜಿನಿಯರ್ ಮಾರ್ಕ್ ಬ್ರುನೆಲ್ ರಾದರ್‌ಹೈದ್ ಎಂಬಲ್ಲಿ ನೆಲದ ಮೇಲೆ 50 ಅಡಿ ಅಗಲದ ಇಟ್ಟಿಗೆಯ ದುಂಡು ಗೋಪುರ ಕಟ್ಟಿಸಿದ. ಆಮೇಲೆ ಅದರೊಳಗಿನ ಮಣ್ಣನ್ನು ತೆಗೆಯುತ್ತ ಹೋದ. ಗೋಪುರ ತನ್ನ ಭಾರಕ್ಕೆ ತಾನೇ ಇಂಚಿಂಚಾಗಿ ಕೆಳಗಿಳಿದು ಬಾವಿಯಾಯಿತು. ಅದೇ ಸುರಂಗದ ಬಾಯಿ. ನಮ್ಮಲ್ಲಿ ಬಾವಿ ಎಂದರೆ ಮೊದಲು ತೋಡಿ ಆಮೇಲೆ ಕಟ್ಟುವುದು; ಈತ ಮೊದಲು ಕಟ್ಟಿ ಆಮೇಲೆ ತೋಡಿದ. ಇಷ್ಟು ಅಚ್ಚುಕಟ್ಟಾದ ಉಪಾಯ ಸುರಂಗಗಳ ಚರಿತ್ರೆಯಲ್ಲಿ ನನಗೆ ಇನ್ನೊಂದು ಕಂಡಿಲ್ಲ. 1827ರಲ್ಲಿ ಒಮ್ಮೆ, 1828ರಲ್ಲಿ ಇನ್ನೊಮ್ಮೆ ನದಿ ಒಳಗೆ ನುಗ್ಗಿತು. ಎರಡನೆಯ ಸಲ ಆರು ಮಂದಿ ಸತ್ತರು, ಬ್ರುನೆಲ್‌ನ ಮಗ ಕೂದಲೆಳೆಯಲ್ಲಿ ಪಾರಾದ. ಕೆಲಸ ಹಲವು ವರ್ಷ ನಿಂತು, ಕೊನೆಗೆ ಬಾಗಿಲು ತೆರೆದದ್ದು 1843ರ ಮಾರ್ಚಿನಲ್ಲಿ. ಆ ಹೊತ್ತಿಗೆ ದುಡ್ಡು ಮುಗಿದಿತ್ತು. ಗಾಡಿಗಳು ಸುತ್ತಿ ಇಳಿಯಲು ಯೋಜಿಸಿದ್ದ ಇಳಿಜಾರುಗಳನ್ನು ಕಟ್ಟಲಾಗಲಿಲ್ಲ. ಸುರಂಗ ಪೂರ್ತಿಯಾಗಿದ್ದರೂ ಬಾಯಿ ಅರ್ಧಕ್ಕೇ ನಿಂತದ್ದರಿಂದ ಒಂದೂ ಕುದುರೆಗಾಡಿ ಅದರಲ್ಲಿ ಹೋಗಲಿಲ್ಲ. ಜನ ಮೆಟ್ಟಿಲಿಳಿದು ನಡೆದರು, ನಂತರ ಅದು ರೈಲಿನ ಪಾಲಾಯಿತು. ಬಾಯಿಗೆ ಹಣ ಉಳಿಸಿಕೊಳ್ಳದವರ ಸುರಂಗ ಏನಾಗುತ್ತದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ಮುಂದಿನವರು ಇದರಿಂದ ಕಲಿತರು. ಅದೇ ಥೇಮ್ಸ್ ಅಡಿ 1897ರಲ್ಲಿ ತೆರೆದ ಬ್ಲ್ಯಾಕ್‌ವಾಲ್ ಸುರಂಗದ ದಕ್ಷಿಣ ದ್ವಾರಕ್ಕೆ ವಾಸ್ತುಶಿಲ್ಪಿ ಥಾಮಸ್ ಬ್ಲ್ಯಾಶಿಲ್ ಕಡಿದಾದ ಮಾಡಿನ, ಕೋಟೆಬಾಗಿಲಿನ ಗತ್ತಿನ ಕಟ್ಟಡ ಕೊಟ್ಟ. ಅದು ಇಂದಿಗೂ ನಿಂತಿದೆ. ಉತ್ತರದ ದ್ವಾರವನ್ನು ಎರಡನೆಯ ಸುರಂಗಕ್ಕಾಗಿ ಕೆಡವಿದರು, ಅದೊಂದು ನಷ್ಟ. 1908ರ ರಾದರ್‌ಹೈದ್ ರಸ್ತೆ ಸುರಂಗದ ಬಾಯಿ ನನಗೆ ಇನ್ನೂ ಇಷ್ಟ. ನದಿಯಡಿ ಮಣ್ಣು ಕೊರೆದ ಯಂತ್ರದ ಕಬ್ಬಿಣದ ಅಂಚನ್ನೇ ತಂದು ರಸ್ತೆಯ ಮೇಲೆ ಕಮಾನಾಗಿ ನಿಲ್ಲಿಸಿದ್ದಾರೆ. ಒಳಗಿನ ಸುರಂಗದ ಅಳತೆ ಎಷ್ಟೆಂದು ಹೊರಗೇ ಗೊತ್ತಾಗುತ್ತದೆ. ಯಾವ ಕೆಲಸದಿಂದ ಈ ದಾರಿ ಆಯಿತೆಂಬುದೂ ತಿಳಿಯುತ್ತದೆ. ಅಲಂಕಾರಕ್ಕೆಂದು ಬೇರೇನನ್ನೂ ಕೆತ್ತಬೇಕಾಗಿಲ್ಲ. ಮೆಟ್ರೋಗಾಗಿ ಬೆಂಗಳೂರಿನಡಿ ಕೊರೆದ ಯಂತ್ರಗಳಿಗೆ ನಾವು ಊರ್ಜಾ, ಅವನಿ, ತುಂಗಾ, ಭದ್ರಾ ಎಂದು ಹೆಸರಿಟ್ಟೆವು. ಅವುಗಳ ಒಂದು ಹಲ್ಲನ್ನಾದರೂ ಯಾವುದಾದರೂ ದ್ವಾರದಲ್ಲಿ ಇಡಬಾರದೇಕೆ?

ಅಂದಕ್ಕಿಂತ ಮೊದಲಿನ ಪ್ರಶ್ನೆ ನೀರಿನದು. ಮಲೆನಾಡಿನ ಹಳೆ ಮನೆಗಳ ಹೊಸ್ತಿಲು ಎತ್ತರವಾಗಿರುತ್ತದೆ, ಅಂಗಳದ ನೀರು ಒಳಗೆ ಬರಬಾರದು. ಒಳ್ಳೆಯ ಸುರಂಗದ ಬಾಯಿಗೂ ಅಂಥದ್ದೊಂದು ಇರಬೇಕು. ರಸ್ತೆ ಇಳಿಯುವ ಮುಂಚೆ ಸ್ವಲ್ಪ ಏರಬೇಕು. ಆ ಏರಿನ ನೆತ್ತಿ ಆ ಜಾಗದಲ್ಲಿ ನೀರು ಅತಿ ಹೆಚ್ಚು ನಿಂತ ಮಟ್ಟಕ್ಕಿಂತ ಮೇಲಿರಬೇಕು. ಇಕ್ಕೆಲದ ಗೋಡೆಗಳೂ ಅದೇ ಎತ್ತರಕ್ಕೆ ಏಳಬೇಕು. ಇಳಿಜಾರಿನ ಮೇಲೆಯೇ ಬಿದ್ದ ಮಳೆಯನ್ನು ಹಿಡಿಯಲು ರಸ್ತೆಗೆ ಅಡ್ಡಲಾಗಿ ಜಾಲರಿ ಮುಚ್ಚಿದ ಚರಂಡಿ, ತಳದಲ್ಲಿ ಸಂಪು, ಕರೆಂಟು ಹೋದರೂ ನಿಲ್ಲದ ಪಂಪು. ಇನ್ನೊಂದು ಸೂಕ್ಷ್ಮವಿದೆ. ಅಂತರ್ಜಲ ತುಂಬಿದ ಮಣ್ಣಿನಲ್ಲಿ ಟೊಳ್ಳು ಕಾಂಕ್ರೀಟ್ ತೊಟ್ಟಿ ತೇಲಲು ನೋಡುತ್ತದೆ. ಆದ್ದರಿಂದ ಇಳಿಜಾರಿನ ತಳವನ್ನು ದಪ್ಪ ಮಾಡಿ ಭಾರ ಹೇರುತ್ತಾರೆ, ಇಲ್ಲವೇ ಕೆಳಗಿನ ಬಂಡೆಗೆ ಬಿಗಿಯುತ್ತಾರೆ.

ನಮ್ಮಲ್ಲಿ ಸರಿಯಾಗಿ ಮಾಡಿದ್ದು ಇಲ್ಲವೆಂದಲ್ಲ. ವೈಟ್‌ಫೀಲ್ಡಿನಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿದವರು ಎಂ.ಜಿ. ರಸ್ತೆ ದಾಟಿದ ಮೇಲೆ ಮೊಬೈಲ್ ಬದಿಗಿಟ್ಟು ಕಿಟಕಿಯಾಚೆ ನೋಡಿ. ಮೊದಲು ಮರಗಳ ತಲೆ, ಆಮೇಲೆ ಬೊಡ್ಡೆ, ಆಮೇಲೆ ಬೇಲಿ. ಕಾಂಕ್ರೀಟ್ ಗೋಡೆ ಕಿಟಕಿಯ ಕೆಳಗಿನಿಂದ ಓರೆಯಾಗಿ ಏರುತ್ತ ಬಂದು ಬೆಳಕನ್ನು ನುಂಗುತ್ತದೆ. ಕಬ್ಬನ್ ಪಾರ್ಕ್ ನಿಲ್ದಾಣದ ಈ ಸುರಂಗ 2016ರಲ್ಲಿ ತೆರೆಯಿತು. ಹಳಿ ಬರುವುದು ಮೇಲ್ಸೇತುವೆಯಿಂದಾದ್ದರಿಂದ ರಸ್ತೆಯ ನೀರು ಹರಿದು ಬರುವ ದಾರಿಯೇ ಇಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್ ಇದೆ. 2023ರ ಮೇ 21ರ ಮಧ್ಯಾಹ್ನದ ಒಂದೇ ಮಳೆಗೆ ಅದು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರು ಜೀವ ಕಳೆದುಕೊಂಡರು. ನಗರದ ಹೃದಯಭಾಗದಲ್ಲಿ, ವಿಧಾನಸೌಧದ ಮಗ್ಗುಲಲ್ಲಿ.

ನಮ್ಮ ಹೊರವಲಯದ ರೈಲ್ವೆ ಅಂಡರ್‌ಪಾಸ್‌ಗಳ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಬೈಯಪ್ಪನಹಳ್ಳಿ–ಹೊಸೂರು ಹಳಿಯ ಕೆಳಗಿನ ಪಣತ್ತೂರಿನದನ್ನೇ ನೋಡಿ. ಇಂಥ ಕಡೆ ಈಗ ಅನುಸರಿಸುವ ವಿಧಾನ ಚೆನ್ನಾಗಿದೆ. ಹಳಿಯ ಪಕ್ಕದಲ್ಲೇ ಕಾಂಕ್ರೀಟ್ ಪೆಟ್ಟಿಗೆ ಎರಕ ಹೊಯ್ದು, ಮೇಲೆ ರೈಲು ಓಡುತ್ತಿರುವಾಗಲೇ ಜಾಕ್‌ಗಳಿಂದ ಏರಿಯೊಳಕ್ಕೆ ತಳ್ಳುತ್ತಾರೆ. ಪೆಟ್ಟಿಗೆ ಗಟ್ಟಿ. ಆದರೆ ಪೆಟ್ಟಿಗೆ ಕೂರಿಸಿದ ಮೇಲೆ ಎರಡೂ ಬದಿಯ ರಸ್ತೆಯನ್ನು ಹೇಗೋ ಇಳಿಸಿ ಕೈತೊಳೆದುಕೊಳ್ಳುತ್ತಾರೆ. ಹತ್ತಿರ ಹೋಗಿ ನಿಂತರೆ ಗೋಡೆಯ ಮೇಲೆ ಹೋದ ಮಳೆಗಾಲದ ಕೆಸರಿನ ಗೆರೆ, ಮಣ್ಣು ಕಟ್ಟಿಕೊಂಡ ಜಾಲರಿ, ಲಾರಿ ತಾಗಿ ಬಾಗಿದ ಎತ್ತರ ಮಿತಿಯ ಕಂಬಿ ಕಾಣುತ್ತವೆ. ಸಂಜೆ ಬಿಸಿಲಿನಿಂದ ಒಮ್ಮೆಲೇ ಕತ್ತಲೆಗೆ ನುಗ್ಗುವ ಸ್ಕೂಟರಿನವರಿಗೆ ಎದುರಿನ ಗುಂಡಿ ಕಾಣುವುದೇ ಇಲ್ಲ. ಕಣ್ಣು ಹೊಂದಿಕೊಳ್ಳಲೆಂದು ಬೇರೆ ಊರುಗಳಲ್ಲಿ ಬಾಯಿಯ ಮುಂದೆ ಜಾಲಂದರದ ಚಪ್ಪರ ಹಾಕುತ್ತಾರೆ, ಮೊದಲ ಕೆಲವು ಮೀಟರಿಗೆ ದೀಪ ಹೆಚ್ಚು ಉರಿಸುತ್ತಾರೆ.

ಹೊಗೆಯ ಮಾತನ್ನೂ ಹೇಳಬೇಕು. ಲಿವರ್‌ಪೂಲಿನಲ್ಲಿ 1934ರಲ್ಲಿ ತೆರೆದ ಮರ್ಸಿ ಸುರಂಗದ ಗಾಳಿಗೋಪುರಗಳನ್ನು ಹರ್ಬರ್ಟ್ ರೌಸ್ ಎಂಬ ವಾಸ್ತುಶಿಲ್ಪಿ ನಗರದ ಹೆಮ್ಮೆಯ ಕಟ್ಟಡಗಳಾಗಿಯೇ ರೂಪಿಸಿದ. ನಮ್ಮ ಸುರಂಗ ರಸ್ತೆಯ ಹೊಗೆಯೂ ಎಲ್ಲೋ ಹೊರಬರಲೇಬೇಕು. ಯಾರ ಮನೆಯ ಮುಂದೆ, ಎಷ್ಟು ಎತ್ತರದಲ್ಲಿ, ಯಾವ ರೂಪದಲ್ಲಿ ಎಂಬುದು ನಕ್ಷೆಯಲ್ಲಿ ಮೂಲೆಗೆ ಬೀಳುವ ವಿವರವಾಗಬಾರದು.

ಸುರಂಗ ಬೇಕೋ ಬೇಡವೋ ಎಂಬ ವಾದ ನಡೆಯಲಿ. ಅದು ಮುಗಿಯುವ ಮುಂಚೆಯೇ ಸಿಲ್ಕ್ ಬೋರ್ಡ್ ಮತ್ತು ಹೆಬ್ಬಾಳದ ಬಾಯಿಗಳ ನಕ್ಷೆಯನ್ನು ಜನರೆದುರು ಬಿಡಿಸಿಡಿ ಎಂದು ಕೇಳೋಣ. ಮುಂದಿನ ಸಾರ್ವಜನಿಕ ಸಭೆಗೆ ಹೋಗುವ ಓದುಗರಲ್ಲಿ ನನ್ನದೊಂದು ವಿನಂತಿ. ಟೋಲ್ ಎಷ್ಟೆಂದು ಕೇಳುವ ಜೊತೆಗೆ ಇದನ್ನೂ ಕೇಳಿ: ರಸ್ತೆ ಇಳಿಯುವ ಮುಂಚೆ ಎಷ್ಟು ಏರುತ್ತದೆ, ಆ ಏರು ಅಲ್ಲಿ ಈವರೆಗೆ ನಿಂತ ನೀರಿಗಿಂತ ಎಷ್ಟು ಮೇಲಿದೆ?