ಮೆಡ್ಟ್ನರನ ಕಥೆಯೂ ಲಯದ ಕಟ್ಟೂ

ಪಾಶ್ಚಾತ್ಯ ಸಂಗೀತವು ಕನ್ನಡಿಗರಿಗೆ ದೂರದ್ದೆಂದು ನುಡಿಯುವವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರನ್ನು ನೆನೆಯಬೇಕು. ಸ್ವತಃ ಪಿಯಾನೋ ವಾದನವನ್ನು ಅಭ್ಯಾಸಮಾಡಿದ್ದ ಈ ಮಹಾರಾಜರ ದ್ರವ್ಯಸಹಾಯದಿಂದಲೇ ರಷ್ಯದ ನಿಕೊಲಾಯ್ ಮೆಡ್ಟ್ನರನು (1880–1951) ಲಂಡನ್ನಿನಲ್ಲಿ ತನ್ನ ಮುಪ್ಪಿನ ದಿನಗಳಲ್ಲಿ ಸ್ವಂತ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಕೆಗಳಲ್ಲಿ ಉಳಿಸುವಂತಾಯಿತು. ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಆತನು ಮಹಾರಾಜರಿಗೆ ಅರ್ಪಿಸಿದನು.

ಮೆಡ್ಟ್ನರನ ಕಿರುರಚನೆಗಳಲ್ಲಿ ‘ಸ್ಕಾಜ್ಕಿ’, ಎಂದರೆ ಕಥೆಗಳು, ಮುಖ್ಯವಾದವು. 1928ರಲ್ಲಿ ರಚಿತವಾದ ಐವತ್ತೊಂದನೆಯ ಕೃತಿಯ ಆರು ಕಥೆಗಳು ಸಿಂಡರೆಲ್ಲೆಗೂ ಹೆಡ್ಡ ಇವಾನನಿಗೂ ಅರ್ಪಿತವಾಗಿವೆ. ಇವುಗಳಲ್ಲಿ ಕಡೆಯದು ಬಹು ಚುರುಕಾದುದು. ಅದನ್ನು ಲವಲವಿಕೆಯಿಂದ, ಆದರೆ ಉದ್ದಕ್ಕೂ ಕಾಲಪ್ರಮಾಣವನ್ನು ಮೀರದೆ ನುಡಿಸಬೇಕೆಂಬುದು ಕರ್ತೃವಿನ ಸೂಚನೆ.

ಭಾವಪ್ರಧಾನವಾದ ಸಂಗೀತದಲ್ಲಿ ವಾದಕನು ಒಂದು ಸ್ವರವನ್ನು ಎಳೆದು, ಇನ್ನೊಂದನ್ನು ಅವಸರಿಸಿ ರಸ ತೋರುವುದುಂಟು. ಇಲ್ಲಿ ಆ ಸ್ವಾತಂತ್ರ್ಯವೇಕೆ ನಿಷಿದ್ಧ? ಹಾಸ್ಯಕಥೆಯನ್ನು ಹೇಳುವವನು ಕೇಳುವವರಿಗಿಂತ ಮುಂಚೆ ತಾನೇ ನಕ್ಕರೆ ಹಾಸ್ಯವು ಕೆಡುತ್ತದೆ. ಹಾಗೆಯೇ ಅನಿರೀಕ್ಷಿತ ಸ್ಥಾನದಲ್ಲಿ ಬೀಳುವ ಒತ್ತು ಮನಸ್ಸಿಗೆ ತಾಗಬೇಕಾದರೆ ಲಯವು ಅಚಲವಾಗಿರಬೇಕು. ನೆಲವೇ ಅಲುಗುವಲ್ಲಿ ನರ್ತಕನ ಹೆಜ್ಜೆಯು ಕಾಣದು. ಯಕ್ಷಗಾನವನ್ನು ಬಲ್ಲ ಉಡುಪಿ, ಕಾರ್ಕಳಗಳ ರಸಿಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏರುಪದದ ಆವೇಶವೆಷ್ಟಿದ್ದರೂ ಭಾಗವತರ ತಾಳವು ಜಾರಿದರೆ ವೀರವು ಗದ್ದಲವಾಗುತ್ತದೆ.

ಹಾಗಾದರೆ ವಾದನವು ಯಂತ್ರದಂತೆ ಶುಷ್ಕವಾಗದೇ ಎಂಬ ಆಕ್ಷೇಪವು ಬರಬಹುದು. ಪಿಯಾನೋವಿನ ಸ್ವರವು ಹುಟ್ಟಿದ ಕ್ಷಣದಿಂದಲೇ ಕುಗ್ಗತೊಡಗುತ್ತದೆ. ಅದನ್ನು ಬಳಿಕ ಉಬ್ಬಿಸಲಾಗದು. ಆದುದರಿಂದ ಜೀವವೆಲ್ಲವೂ ಬೆರಳಿನ ಸ್ಪರ್ಶದಲ್ಲಿದೆ, ಸ್ವರದ ತೂಕದಲ್ಲಿದೆ, ಎರಡು ಸ್ವರಗಳ ನಡುವಣ ಮೌನದಲ್ಲಿದೆ. ಅತಿ ಸಣ್ಣ ಸ್ವರವೂ ಸ್ಪಷ್ಟವಾಗಿ ಕೇಳುವ ವೇಗವೇ ವಾದಕನಿಗೆ ಯುಕ್ತವಾದ ವೇಗ. ಅದನ್ನು ಮೀರಿದ ಓಟವು ಕೈಚಳಕವನ್ನು ಮೆರೆಸಬಹುದು, ಕಥೆಯನ್ನು ಹೇಳಲಾರದು.

ಕರ್ತೃವಿನ ವಾದನವೇ ಮುದ್ರಿತವಾಗಿರುವ ಕೃತಿಗಳಲ್ಲಿಯೂ ಅದರ ಅನುಕರಣೆಯೇ ಕರ್ತವ್ಯವೆನ್ನಲಾಗದು. ತಾಳಮದ್ದಳೆಯಲ್ಲಿ ಪದ್ಯವು ಪ್ರಸಂಗಕರ್ತನದು, ಅರ್ಥವು ಅರ್ಥಧಾರಿಯದು. ಪದ್ಯವನ್ನು ಮರೆತು ಆಡಿದ ಅರ್ಥವು ಸ್ವೇಚ್ಛೆ. ಹಿಂದಿನವನ ಅರ್ಥವನ್ನೇ ಒಪ್ಪಿಸುವುದು ಬಾಯಿಪಾಠ. ಮಹಾರಾಜರು ಉಳಿಸಿಕೊಟ್ಟ ಮುದ್ರಿಕೆಗಳು ನಮಗೆ ಸಾಕ್ಷಿಗಳು, ಶಾಸನಗಳಲ್ಲ. ಬರೆದ ಕಟ್ಟಳೆಗೆ ಬದ್ಧನಾಗಿದ್ದು ತನ್ನ ಸ್ಪರ್ಶದಿಂದ ಹೊಸ ಮಾತನ್ನಾಡುವ ವಾದಕನೇ ಸಹೃದಯರ ಮನ್ನಣೆಗೆ ಅರ್ಹನು.