ಜೀಪು ನೋಡುವ ಬಗೆ

ಸಿಂಧನೂರು ಸೀಮೆ ಟ್ರ್ಯಾಕ್ಟರಿನ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಎರೆ ಮಣ್ಣು, ಭತ್ತದ ಗದ್ದೆ ಮೂರೂ ಕೂಡಿದ ಮೇಲೆ ಟ್ರ್ಯಾಕ್ಟರ್ ಇಲ್ಲದ ಬೇಸಾಯವನ್ನು ಇಲ್ಲಿ ಯಾರೂ ನೆನೆಸಿಕೊಳ್ಳುವುದೂ ಇಲ್ಲ. ಗೊರೇಬಾಳದಂಥ ಊರಿನ ಹುಡುಗರಿಗೆ ದೂರದಿಂದ ಬರುವ ಸದ್ದಿನಲ್ಲೇ ಕಂಪನಿ ಯಾವುದು, ಟ್ರೇಲರ್ ತುಂಬಿದೆಯೋ ಖಾಲಿಯೋ ಎಂಬುದು ಗೊತ್ತಾಗುತ್ತದೆ. ಹೊಸ ಟ್ರ್ಯಾಕ್ಟರ್ ಮನೆಗೆ ಬಂದರೆ ಪೂಜೆ ಮಾಡಿ, ಗೊಂಡೆ ಕಟ್ಟಿ, ಲೈಟು ಹಾಕಿ, ಡೆಕ್ ಕೂರಿಸಿ ಅದನ್ನು ತಮ್ಮದಾಗಿಸಿಕೊಳ್ಳುವ ಅಭಿರುಚಿಯೂ ಇಲ್ಲಿದೆ. ಇಷ್ಟು ಪಳಗಿದ ಕಿವಿ, ಕಣ್ಣು ಇರುವವರು ಮನಸ್ಸಿಟ್ಟು ನೋಡಬೇಕಾದ ಇನ್ನೊಂದು ಗಾಡಿ ಇದೆ. ಅದು ಅಮೆರಿಕದಲ್ಲಿ ಹುಟ್ಟಿದ ಹಳೆಯ ವಿಲ್ಲಿಸ್ ಜೀಪು.

ಅಮೆರಿಕದ ಹಳೆಯ ಕಾರುಗಳು ತಮ್ಮ ದೇಶ ಬಿಟ್ಟು ಹೋದಲ್ಲೆಲ್ಲ ಬೇರೆ ಬೇರೆ ಬಾಳು ಬಾಳಿವೆ. ಸ್ವೀಡನ್‌ನಲ್ಲಿ ‘ರಗ್ಗಾರೆ’ ಎಂಬ ಹುಚ್ಚು ಅಭಿಮಾನಿಗಳ ಬಳಗವೇ ಇದ್ದು, 1950ರ ದಶಕದ ಉದ್ದುದ್ದನೆಯ ಕಾರುಗಳನ್ನು ಇಂದಿಗೂ ಓಡಿಸುತ್ತದೆ. ಕ್ಯೂಬಾಕ್ಕೆ 1960ರ ದಶಕದ ಆರಂಭದಲ್ಲಿ ಅಮೆರಿಕದ ಬಿಡಿಭಾಗ ಬರುವುದು ನಿಂತಾಗ, ಅಲ್ಲಿನ ಮೆಕ್ಯಾನಿಕ್‌ಗಳು ಷೆವ್ರೊಲೆ ಕಾರುಗಳ ಹೊಟ್ಟೆಗೆ ರಷ್ಯಾದ ಎಂಜಿನ್ ಕೂರಿಸಿ ಅವನ್ನು ಉಳಿಸಿಕೊಂಡರು. ಫಿಲಿಪೀನ್ಸ್‌ನವರು ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದ ಜೀಪುಗಳನ್ನು ಹಿಂದಕ್ಕೆ ಉದ್ದ ಮಾಡಿ, ಬೆಂಚು ಹಾಕಿ, ಬಣ್ಣ ಬಳಿದು ‘ಜೀಪ್ನಿ’ ಎಂಬ ಸವಾರಿ ಗಾಡಿಯನ್ನೇ ಸೃಷ್ಟಿಸಿದರು. ನಮ್ಮ ನಾಡಿನಲ್ಲಿ ಆ ಸ್ಥಾನ ಪಡೆದದ್ದೂ ಜೀಪೇ. ಮಲೆನಾಡಿನ ತೋಟ, ಕೊಡಗಿನ ಎಸ್ಟೇಟು, ಬಯಲುಸೀಮೆಯ ಹೊಲ ಎಲ್ಲ ಕಡೆಯೂ ಅದು ದುಡಿದಿದೆ, ದುಡಿಯುತ್ತಾ ಬದಲಾಗಿದೆ.

ಆದ್ದರಿಂದ ಹಳೆಯ ಜೀಪಿನ ಮುಂದೆ ನಿಂತಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಕಾರ್ಖಾನೆಯಿಂದ ಏನಾಗಿ ಹೊರಬಂತು? ಆಮೇಲೆ ಯಾವ ಕೆಲಸಕ್ಕಾಗಿ ಹೀಗಾಯಿತು? ಮೊದಲನೆಯದನ್ನು ಮಾತ್ರ ಕೇಳುವವರು ಅಸಲಿ-ನಕಲಿಯ ಲೆಕ್ಕದಲ್ಲೇ ಮುಗಿಸುತ್ತಾರೆ. ಎರಡನ್ನೂ ಕೇಳುವವರಿಗೆ ಗಾಡಿಯ ಪೂರ್ತಿ ಕಥೆ ದಕ್ಕುತ್ತದೆ.

ಹುಟ್ಟು

1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ ಬೇಕೆಂದು ಕೇಳಿತು. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿ ಮಾಡಿಕೊಟ್ಟಿತು. ದೊಡ್ಡ ಗುತ್ತಿಗೆ ಮಾತ್ರ ಒಹಾಯೊದ ಟೊಲಿಡೊ ಊರಿನ ವಿಲ್ಲಿಸ್-ಓವರ್‌ಲ್ಯಾಂಡ್‌ಗೂ ಫೋರ್ಡ್‌ಗೂ ಹೋಯಿತು. ವಿಲ್ಲಿಸ್ ಮಾಡಿದ್ದು ‘ಎಂಬಿ’, ಫೋರ್ಡ್ ಮಾಡಿದ್ದು ‘ಜಿಪಿಡಬ್ಲ್ಯು’. 1945ರ ಹೊತ್ತಿಗೆ ಇವೆರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು.

ಮುಂದಿನ ಸಂಗತಿ ನಮ್ಮ ಸೀಮೆಯವರಿಗೆ ಹತ್ತಿರದ್ದು. ಯುದ್ಧ ಮುಗಿದ 1945ರಲ್ಲೇ ವಿಲ್ಲಿಸ್ ಕಂಪನಿ ‘ಸಿಜೆ-2ಎ’ ಎಂಬ ನಾಗರಿಕ ಜೀಪನ್ನು ತಂದಿತು. ಅದನ್ನು ಮಾರಲು ಹೊರಟದ್ದು ರೈತರಿಗೆ. ನೇಗಿಲು ಎಳೆಯುತ್ತದೆ, ಟ್ರೇಲರ್ ಎಳೆಯುತ್ತದೆ, ಎಂಜಿನ್ ಶಕ್ತಿಯನ್ನು ಹೊರಗೆ ಕೊಡುವ ಹಿಂದಿನ ಪಿಟಿಓ ದಂಡದಿಂದ ಯಂತ್ರ ತಿರುಗಿಸುತ್ತದೆ, ಸಂಜೆ ಮನೆಯವರನ್ನು ಪೇಟೆಗೂ ಕರೆದೊಯ್ಯುತ್ತದೆ ಎಂಬುದೇ ಅದರ ಜಾಹೀರಾತಿನ ಸಾರ. ಟ್ರ್ಯಾಕ್ಟರ್ ಆಗಬೇಕೆಂಬ ಆಸೆ ಜೀಪಿಗೆ ಹುಟ್ಟಿನಿಂದಲೇ ಇತ್ತು.

ಅದೇ ವರ್ಷ ನಮ್ಮ ದೇಶದಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಕಂಪನಿ ಶುರುವಾಯಿತು. 1947ರಲ್ಲಿ ಅದು ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸುವ ಕೆಲಸಕ್ಕೆ ಕೈಹಾಕಿತು. 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಮುಂದೆ ಇದೇ ಸಂಸ್ಥೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಬಿ-275 ಟ್ರ್ಯಾಕ್ಟರ್ ತಂದಿತು. ಆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿನ ವಂಶದ್ದೇ ಒಂದು ಎಂಜಿನ್ ಮಹೀಂದ್ರ ಜೀಪಿನೊಳಗೂ ಬಂತು. ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿದ ಮಿಸ್ತ್ರಿಗೆ ಜೀಪು ಅಪರಿಚಿತ ಎನಿಸದಿರುವುದಕ್ಕೆ ಕಾರಣ ಇಲ್ಲಿದೆ.

ಬಾನೆಟ್ಟಿನಿಂದ ಶುರುಮಾಡಿ

ಜೀಪು ಪ್ರಿಯರ ಮಾತಿನಲ್ಲಿ ಮೊದಲು ಕೇಳುವುದು ‘ಲೋ ಬಾನೆಟ್’, ‘ಹೈ ಬಾನೆಟ್’ ಎಂಬ ಎರಡು ಹೆಸರು. ಗಾಡಿಯ ಪಕ್ಕಕ್ಕೆ ಹತ್ತು ಹೆಜ್ಜೆ ದೂರ ನಿಂತು ನೋಡಿ. ಬಾನೆಟ್ ತಗ್ಗಾಗಿ, ಮಡ್‌ಗಾರ್ಡಿನಿಂದ ಸ್ವಲ್ಪವೇ ಮೇಲೆ ಇದ್ದರೆ ಅದು ಲೋ ಬಾನೆಟ್: ಯುದ್ಧಕಾಲದ ಎಂಬಿ, ಜಿಪಿಡಬ್ಲ್ಯು, ನಂತರದ ಸಿಜೆ-2ಎ ಮತ್ತು ಸಿಜೆ-3ಎ ಈ ಗುಂಪಿನವು. ಬಾನೆಟ್ ಎದ್ದು ನಿಂತು, ಗಾಜಿನ ಎತ್ತರ ಕುಗ್ಗಿದಂತೆ ಕಂಡರೆ ಅದು ಹೈ ಬಾನೆಟ್, ಅಂದರೆ 1953ರಲ್ಲಿ ಬಂದ ಸಿಜೆ-3ಬಿ. ಮಹೀಂದ್ರ ನಮ್ಮಲ್ಲಿ ಬಹುಕಾಲ ಮಾಡಿದ್ದು ಇದನ್ನೇ.

ಬಾನೆಟ್ ಎತ್ತರವಾದದ್ದು ಅಂದಕ್ಕಲ್ಲ. ಹಳೆಯ ‘ಗೋ ಡೆವಿಲ್’ ಎಂಜಿನ್ನಿನಲ್ಲಿ ಎರಡೂ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇದ್ದವು. ಹೊಸ ‘ಹರಿಕೇನ್’ ಎಂಜಿನ್ನಿನಲ್ಲಿ ಒಳಗೆಳೆಯುವ ವಾಲ್ವು ಹೆಡ್ಡಿನ ಮೇಲಕ್ಕೆ ಹೋಯಿತು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚುವ ತಗಡೂ ಎತ್ತರವಾಯಿತು. ಜೀಪಿನ ಸೌಂದರ್ಯದ ಗುಟ್ಟೇ ಇದು. ಇಲ್ಲಿನ ಪ್ರತಿಯೊಂದು ಗೆರೆಗೂ ಒಂದು ಕೆಲಸವಿದೆ. ಅಲಂಕಾರಕ್ಕೆಂದೇ ಇಟ್ಟ ಒಂದು ಮಡಿಕೆಯೂ ಇಲ್ಲ.

ಮುಖ ಓದುವುದು

ಈಗ ಎದುರಿಗೆ ಬನ್ನಿ. ಗ್ರಿಲ್ಲಿನ ಸೀಳುಗಳನ್ನು ಎಣಿಸಿ. ಒಂಬತ್ತಿದ್ದರೆ ಯುದ್ಧಕಾಲದ ಸೈನ್ಯದ ಜೀಪು, ಏಳಿದ್ದರೆ ಸಾಮಾನ್ಯವಾಗಿ ನಾಗರಿಕ ಜೀಪು. ಬಾನೆಟ್ಟಿನ ಪಕ್ಕದಲ್ಲಿ ‘ವಿಲ್ಲಿಸ್’ ಎಂದು ತಗಡಿನಲ್ಲೇ ಉಬ್ಬಿಸಿದ ಅಕ್ಷರ, ಹಿಂದೆ ತೆರೆದು ಇಳಿಸುವ ಬಾಗಿಲು, ಹೊರಗಿನಿಂದಲೇ ಪೆಟ್ರೋಲ್ ಹಾಕುವ ಮುಚ್ಚಳ ಇವೆಲ್ಲ ಸಿಜೆ-2ಎ ಗುರುತು. ಸೈನ್ಯದ ಜೀಪಿನಲ್ಲಿ ಪೆಟ್ರೋಲ್ ಹಾಕಬೇಕೆಂದರೆ ಡ್ರೈವರ್ ಸೀಟೆತ್ತಬೇಕು, ಟ್ಯಾಂಕು ಅದರ ಕೆಳಗೇ ಇದೆ.

ಎಂಬಿಗೂ ಜಿಪಿಡಬ್ಲ್ಯುಗೂ ವ್ಯತ್ಯಾಸ ತಿಳಿಯಬೇಕೆಂದರೆ ಬಗ್ಗಿ ನೋಡಿ. ಗ್ರಿಲ್ಲಿನ ಕೆಳಗೆ ಚಾಸಿಯ ಎರಡು ತೊಲೆಗಳನ್ನು ಕೂಡಿಸುವ ಅಡ್ಡಪಟ್ಟಿ ದುಂಡಗಿನ ಕೊಳವೆಯಾಗಿದ್ದರೆ ವಿಲ್ಲಿಸ್, ಬೋರಲಿಟ್ಟ ‘ಯು’ ಆಕಾರದಲ್ಲಿದ್ದರೆ ಫೋರ್ಡ್. ಫೋರ್ಡ್ ಕಂಪನಿ ತನ್ನ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ‘ಎಫ್’ ಅಕ್ಷರ ಒತ್ತುತ್ತಿತ್ತು. ಎಪ್ಪತ್ತೆಂಬತ್ತು ವರ್ಷದ ಬಣ್ಣ, ಗ್ರೀಸು ಕೆರೆದು ತೆಗೆದಾಗ ಆ ಸಣ್ಣ ‘ಎಫ್’ ಕಂಡರೆ, ಯುದ್ಧಕಾಲದ ಒಬ್ಬ ಕಾರ್ಮಿಕನ ಕೈಗೆಲಸ ನಿಮ್ಮ ಬೆರಳಿಗೆ ಸಿಕ್ಕಂತೆ.

ಯುದ್ಧಕಾಲದ ಜೀಪಿನ ಹೆಡ್‌ಲೈಟನ್ನು ತಪ್ಪದೆ ನೋಡಿ. ಅದರ ಹಿಂದೆ ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್ಟಿದೆ. ಸಡಿಲ ಮಾಡಿದರೆ ದೀಪ ತನ್ನ ಕೀಲಿನ ಮೇಲೆ ಹಿಮ್ಮುಖವಾಗಿ ಹೊರಳಿ ಎಂಜಿನ್ನಿಗೇ ಬೆಳಕು ಚೆಲ್ಲುತ್ತದೆ. ರಾತ್ರಿ ಕತ್ತಲಲ್ಲಿ, ಪಾನಾ ಹಿಡಿದ ಕೈಗೆ ಟಾರ್ಚು ಹಿಡಿಯುವವರಿಲ್ಲದಾಗ ಏನು ಗತಿ ಎಂದು ಯೋಚಿಸಿ ಮಾಡಿದ ವ್ಯವಸ್ಥೆ ಅದು.

ಸದ್ದು ಮತ್ತು ಮೂರು ಲಿವರ್

ಗೋ ಡೆವಿಲ್ ಎಂಜಿನ್ 2,199 ಸಿಸಿ, 60 ಅಶ್ವಶಕ್ತಿ. ಇಂದಿನ ಲೆಕ್ಕದಲ್ಲಿ ಕಡಿಮೆಯೇ. ಆದರೆ ಗಾಡಿಯ ತೂಕ ಸುಮಾರು 1,100 ಕೆಜಿ ಮಾತ್ರ, ಎಳೆತವೆಲ್ಲ ಕೆಳಗಿನ ವೇಗದಲ್ಲೇ. ಚಾಲೂ ಮಾಡಿ ಬಿಟ್ಟರೆ ಮೆತ್ತಗೆ, ಸಮನಾಗಿ ಗುನುಗುತ್ತದೆ. ಟಕ-ಟಕ ಎನ್ನುವ ಗಡಸು ಸದ್ದು ಕೇಳಿದರೆ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸಿದ್ದಾರೆ ಎಂದು ತಿಳಿಯಿರಿ. ಮಹೀಂದ್ರದ ನಂತರದ ಎಂಎಂ540ಯಲ್ಲಿ ಕಾರ್ಖಾನೆಯಿಂದಲೇ ಪೂಜೊ ಕಂಪನಿಯ 2,112 ಸಿಸಿ ಡೀಸೆಲ್ ಇತ್ತು; ಹಳೆಯ ವಿಲ್ಲಿಸ್‌ಗಳಿಗೂ ಇಂಥ ಎಂಜಿನ್ ಕೂರಿಸಿದವರು ಬಹಳ.

ಒಳಗೆ ಕೂತರೆ ನೆಲದಿಂದ ಮೂರು ಲಿವರ್ ಎದ್ದಿರುತ್ತವೆ. ಒಂದು ಗೇರಿನದು. ಇನ್ನೊಂದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವುದು. ಮತ್ತೊಂದು ವೇಗದ ಹೈ-ಲೋ ಶ್ರೇಣಿ ಬದಲಿಸುವುದು. ಮಳೆ ಬಿದ್ದ ಎರೆ ಹೊಲದಲ್ಲಿ ಇವುಗಳ ಬೆಲೆ ತಿಳಿಯುತ್ತದೆ. ಲೋದಲ್ಲಿಟ್ಟು ಕ್ಲಚ್ ಬಿಟ್ಟರೆ, ಆಕ್ಸಲರೇಟರ್ ತುಳಿಯದೆಯೇ ಗಾಡಿ ನಡೆಯುವ ಮನುಷ್ಯನಷ್ಟು ನಿಧಾನವಾಗಿ ಕೆಸರು ದಾಟುತ್ತದೆ. ಹಳೆಯ ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿಗೆ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಹಾಕಬೇಕು, ಇಲ್ಲವೆ ಎರಡು ಸಲ ಕ್ಲಚ್ ಒತ್ತಬೇಕು. ಒಳ್ಳೆಯ ಡ್ರೈವರ್ ಗೇರು ಬದಲಿಸಿದರೆ ಸದ್ದೇ ಬರುವುದಿಲ್ಲ. ಆ ಮೌನವೂ ಈ ಕಲೆಯ ಭಾಗ.

ಮಾರ್ಪಾಡನ್ನು ಅಳೆಯುವುದು

ಮಾರ್ಪಾಡು ಎಂದರೆ ಕೆಡಿಸುವುದು ಎಂದು ಮೂಗು ಮುರಿಯಬೇಡಿ. ಆರು ವೋಲ್ಟ್ ಇದ್ದ ವೈರಿಂಗನ್ನು ಹನ್ನೆರಡಕ್ಕೆ ಏರಿಸಿದ್ದು ಬ್ಯಾಟರಿ ಸುಲಭವಾಗಿ ಸಿಗಲೆಂದು. ಡೀಸೆಲ್ ಕೂರಿಸಿದ್ದು ಪೆಟ್ರೋಲಿನ ಖರ್ಚು ತಡೆಯಲಾರದೆ. ಹಿಂಬದಿ ಉದ್ದ ಮಾಡಿದ್ದು ಆಳು, ಮೂಟೆ, ಮಕ್ಕಳು ಹಿಡಿಯಲೆಂದು. ಟಾರ್ಪಾಲಿನ ಬದಲು ತಗಡಿನ ಚಾವಣಿ ಬಂದದ್ದು ಮಲೆನಾಡಿನ ಮಳೆಗೆ. ಇವು ಗಾಡಿಯನ್ನು ಗುಜರಿಗೆ ಹೋಗದಂತೆ ಕಾಪಾಡಿದ ಬದಲಾವಣೆಗಳು. ಇವಿಲ್ಲದಿದ್ದರೆ ಇಂದು ನೋಡಲು ಜೀಪೇ ಇರುತ್ತಿರಲಿಲ್ಲ.

ಒಳ್ಳೆಯ ಮಾರ್ಪಾಡಿಗೆ ಮೂರು ಲಕ್ಷಣ. ಒಂದು, ಅದು ಅಗತ್ಯದಿಂದ ಹುಟ್ಟಿರಬೇಕು. ಎರಡು, ಮೂಲ ಅಳತೆಯನ್ನು ಗೌರವಿಸಬೇಕು: ಮುಂದಿನ-ಹಿಂದಿನ ಚಕ್ರಗಳ ನಡುವಿನ 80 ಅಂಗುಲದ ಅಂತರ, ತಗ್ಗು ಬಾನೆಟ್, ಕಿರಿದಾದ 6.00-16 ಟೈರು ಒಂದಕ್ಕೊಂದು ಹೊಂದಿಕೊಂಡೇ ಹುಟ್ಟಿದವು. ಇವಕ್ಕೆ ಅಗಲವಾದ ದೊಡ್ಡ ಟೈರು ಹಾಕಿದರೆ ಸ್ಟೇರಿಂಗ್ ಭಾರವಾಗುತ್ತದೆ, ಬೇರಿಂಗುಗಳು ಬೇಗ ಸವೆಯುತ್ತವೆ, ಗಾಡಿ ನೋಡಲು ಎರವಲು ಚಪ್ಪಲಿ ಮೆಟ್ಟಿದ ಮಗುವಿನಂತೆ ಕಾಣುತ್ತದೆ. ಮೂರು, ಮಾಡಿದ ಬದಲಾವಣೆಯನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವಂತಿರಬೇಕು. ಬೋಲ್ಟಿನಲ್ಲಿ ಕೂರಿಸಿದ್ದನ್ನು ಬಿಚ್ಚಬಹುದು. ಚಾಸಿ ಕೊಯ್ದರೆ ಮರಳಿ ಕೂಡಿಸಿದರೂ ಮೊದಲಿನದಾಗದು.

ಹೊಳೆಯುವ ಬಣ್ಣಕ್ಕೆ ಮರುಳಾಗಬೇಡಿ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಬಾಡಿಯ ಮೂಲೆ, ನೆಲದ ತಗಡು, ಚಕ್ರದ ಮೇಲಿನ ಬಾಗು ಇಲ್ಲೆಲ್ಲ ಹಿಡಿದು ನೋಡಿ. ಅಂಟಿಕೊಳ್ಳದೆ ಜಾರಿದಲ್ಲಿ ತಗಡು ತುಕ್ಕು ತಿಂದು ಹೋಗಿದೆ, ಒಳಗಿರುವುದು ಪುಟ್ಟಿ. ಟಿಂಕರಿಂಗ್ ಮಿಸ್ತ್ರಿ ತಗಡನ್ನು ಬಡಿದು ನೇರ ಮಾಡಿದ್ದರೆ ಒಳಮೈಯಲ್ಲಿ ಸುತ್ತಿಗೆಯ ಗುರುತು ಬೆರಳಿಗೆ ಸಿಗುತ್ತದೆ. ಅಂಥ ಗುರುತನ್ನು ಮೆಚ್ಚಿಕೊಳ್ಳಿ, ಅದು ನಿಜವಾದ ಕೆಲಸ.

ಕಾಗದಪತ್ರ

ರಸಿಕತೆಗೆ ಕಾನೂನಿನ ತಿಳಿವಳಿಕೆಯೂ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಎಂಜಿನ್ ಬದಲಿಸಬೇಕಾದರೆ ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. 2021ರ ಜುಲೈನಲ್ಲಿ ಬಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ‘ವಿಎ’ ಅಕ್ಷರದ ವಿಂಟೇಜ್ ಸಂಖ್ಯೆ ಸಿಗುತ್ತದೆ. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಕೊಳ್ಳುವ ಆಸೆ ಇದ್ದವರು ಬಣ್ಣ ನೋಡುವ ಮುಂಚೆ ಚಾಸಿ ನಂಬರನ್ನೂ ಆರ್‌ಸಿ ಬುಕ್ಕನ್ನೂ ತಾಳೆ ನೋಡಲಿ.

ಎಲ್ಲಿ ನೋಡಬೇಕು

ಒಪ್ಪವಾಗಿ ಇಟ್ಟ ಹಳೆಯ ಕಾರುಗಳಿಗೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವಿದೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಕಾರು ಸಂಗ್ರಹಾಲಯವಿದೆ. ದುಡಿಯುವ ಜೀಪು ನೋಡಬೇಕೆಂದರೆ ಕೊಡಚಾದ್ರಿಗೆ ಅಥವಾ ಮಡಿಕೇರಿ ಬಳಿಯ ಮಾಂದಲಪಟ್ಟಿಗೆ ಹೋಗಿ. ಅಲ್ಲಿ ಓಡುವವು ಹೆಚ್ಚಾಗಿ ಮಹೀಂದ್ರ ಜೀಪುಗಳು, ವಿಲ್ಲಿಸ್ ವಂಶದವೇ. ಕಲ್ಲಿನ ಏರಿನಲ್ಲಿ ಡ್ರೈವರಿನ ಪಕ್ಕ ಕೂತು ಅವರ ಎಡಗೈಯನ್ನು ಗಮನಿಸಿ. ಯಾವಾಗ ಲೋ ಹಾಕಿದರು, ಯಾವಾಗ ಬಿಟ್ಟರು ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತದೆ.

ಆಮೇಲೆ ನಿಮ್ಮ ಊರಿಗೇ ಬನ್ನಿ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಗ್ಯಾರೇಜುಗಳಲ್ಲಿ ಹಿರಿಯ ಮಿಸ್ತ್ರಿಗಳಿದ್ದರೆ ಹೋಗಿ ಮಾತನಾಡಿಸಿ. ಯಾವ ಜೀಪಿಗೆ ಯಾವ ಎಂಜಿನ್ ಏರಿಸಿದಿರಿ, ಯಾಕೆ ಏರಿಸಿದಿರಿ, ಇಳಿಸಿದ್ದು ಎಲ್ಲಿ ಹೋಯಿತು ಎಂದು ಕೇಳಿ ಬರೆದಿಡಿ. ಟೊಲಿಡೊದ ಕಾರ್ಖಾನೆಯ ಇತಿಹಾಸ ಪುಸ್ತಕಗಳಲ್ಲಿ ಭದ್ರವಾಗಿದೆ. ನಮ್ಮ ಮಿಸ್ತ್ರಿಗಳ ಕೈಯಲ್ಲಿ ಅದೇ ಜೀಪು ಪಡೆದ ಎರಡನೆಯ ಹುಟ್ಟಿನ ಇತಿಹಾಸವನ್ನು ಯಾರೂ ಬರೆದಂತಿಲ್ಲ. ಅದನ್ನು ಬರೆಯಬಲ್ಲವರು ಈ ನೆಲ, ಈ ಎಂಜಿನ್ನು, ಈ ಜನರ ಮಾತು ಮೂರನ್ನೂ ಬಲ್ಲ ನೀವೇ.