ಪರಿಚಯ ಗ್ರಂಥದ ಕಣ್ಣು, ಕಾದಂಬರಿಯ ನೆನಪು: ಕೊಡಗಿನ ಬರಹದ ಒಂದು ಪರಂಪರೆ

ಕೊಡಗನ್ನು ಕುರಿತ ಬರಹದಲ್ಲಿ ಎರಡು ಧಾರೆಗಳು ಜೊತೆಯಾಗಿ ಹರಿದು ಬಂದಿವೆ. ಹೊರಗಿನವರಿಗೆ ಬೆಟ್ಟ, ಹೊಳೆ, ಮನೆ, ಉಡುಗೆ, ಹಬ್ಬಗಳನ್ನು ವಿವರಿಸಿ ಹೇಳುವ ಪರಿಚಯ ಗ್ರಂಥ ಒಂದು. ಈ ನೆಲದ ನೆನಪನ್ನು ಕಥೆಯಾಗಿಸುವ ಕಾದಂಬರಿ ಇನ್ನೊಂದು. ಮೊದಲನೆಯದರಿಂದ ಎರಡನೆಯದು ಪಡೆದ ಸಾಲ ದೊಡ್ಡದು. ಆ ಸಾಲಕ್ಕೆ ತೆತ್ತ ಬಡ್ಡಿಯೂ ಕಡಿಮೆಯದಲ್ಲ.

ನಾಡಿನ ಗುರುತನ್ನು ಪರರ ಮುಂದೆ ಬರೆದಿಡುವ ಕೆಲಸ ಅರಸರ ಕಾಲದಲ್ಲೇ ಶುರುವಾಯಿತು. ದೊಡ್ಡವೀರರಾಜೇಂದ್ರ ಬರೆಸಿದ ‘ರಾಜೇಂದ್ರನಾಮೆ’ 1633ರಿಂದ 1807ರವರೆಗಿನ, ಕೊಡಗನ್ನಾಳಿದ ಹಾಲೇರಿ ವಂಶದ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಹೇಳುತ್ತದೆ. ಮರುವರ್ಷವೇ, 1808ರಲ್ಲಿ, ಅದು ಇಂಗ್ಲಿಷಿಗೆ ಬಂತು. ಗಂಡುಮಕ್ಕಳಿಲ್ಲದ ಅರಸ ಮಗಳು ದೇವಮ್ಮಾಜಿಗೆ ಪಟ್ಟ ಸಿಗಲೆಂದು ಈಸ್ಟ್ ಇಂಡಿಯಾ ಕುಂಪಣಿಯ ಒಪ್ಪಿಗೆಗಾಗಿ ಪ್ರಯತ್ನಿಸುತ್ತಿದ್ದ ಹೊತ್ತು ಅದು. ತನ್ನವರಿಗೆ ಎಷ್ಟೋ ಅಷ್ಟೇ ಬ್ರಿಟಿಷ್ ಅಧಿಕಾರಿಗೂ ಓದಿಸಬೇಕಾದ ಚರಿತ್ರೆ ಅದಾಗಿತ್ತು.

1834ರಲ್ಲಿ ರಾಜ್ಯ ಕುಂಪಣಿಯ ಪಾಲಾದ ಮೇಲೆ ಈ ಕೆಲಸ ಬಾಸೆಲ್ ಮಿಶನ್ನಿನವರ ಕೈಗೆ ಬಂತು. ಹರ್ಮನ್ ಮೋಗ್ಲಿಂಗ್ 1855ರಲ್ಲಿ ‘ಕೂರ್ಗ್ ಮೆಮಾಯ್ರ್ಸ್’ ಬರೆದ. ಮಡಿಕೇರಿಯಲ್ಲಿ ಶಾಲೆಯ ಮುಖ್ಯಸ್ಥನಾಗಿದ್ದ ಜಾರ್ಜ್ ರಿಕ್ಟರ್ 1870ರಲ್ಲಿ ‘ಮ್ಯಾನ್ಯುಅಲ್ ಆಫ್ ಕೂರ್ಗ್’ ಪ್ರಕಟಿಸಿದ. ರಿಕ್ಟರನ ಶ್ರದ್ಧೆ ದೊಡ್ಡದು. ಹವೆ, ಕಾಡು, ಬೆಳೆ, ಜಾತಿ, ಮದುವೆ, ಸಾವು ಎಂದು ಅವನು ಎಲ್ಲವನ್ನೂ ವಿಂಗಡಿಸಿ ಇಟ್ಟ. ಮುಂದೆ ಕೊಡಗನ್ನು ಪರಿಚಯಿಸಿದ ಹೆಚ್ಚಿನ ಪುಸ್ತಕಗಳು ಇದೇ ಅನುಕ್ರಮದಲ್ಲಿ ನಡೆದವು. ಮೊದಲು ನೋಟ, ಆಮೇಲೆ ಜನ ಎಂಬ ಈ ಕ್ರಮದಲ್ಲಿ ಮನುಷ್ಯರೂ ನಿಸರ್ಗದ ಒಂದು ಅಂಗವಾಗಿ ಕಾಣುತ್ತಾರೆ. ಪರಂಪರೆಯ ದೋಷದ ಬೇರು ಇಲ್ಲಿದೆ.

ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ ಈ ದಿಕ್ಕನ್ನೇ ತಿರುಗಿಸಿತು. ಅವರು ಸಂಗ್ರಹಿಸಿದ ಹಾಡು, ಗಾದೆ, ಆಚಾರಗಳ ಮೊದಲ ಓದುಗರು ಅವನ್ನು ಹಾಡುವ, ಆಚರಿಸುವ ಜನರೇ. ಹುಟ್ಟು, ಮದುವೆ, ಸಾವು, ಸುಗ್ಗಿಹಬ್ಬವಾದ ಪುತ್ತರಿಗಳ ಹಾಡುಗಳು ಬಾಯಿಂದ ಬಾಯಿಗೆ ಹೋಗುತ್ತಿದ್ದ ಕಾಲದಲ್ಲಿ ಅವುಗಳಿಗೆ ಅಚ್ಚಿನ ಆಸರೆ ಸಿಕ್ಕಿತು. 2003ರಲ್ಲಿ ಲೇಖಕರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಅದನ್ನು ಇಂಗ್ಲಿಷಿಗೆ ತಂದರು. ಕೊಡವರ ಬದುಕನ್ನು ಬರೆಯ ಹೊರಟ ಯಾವ ಕಾದಂಬರಿಕಾರರೂ ಈ ಗ್ರಂಥವನ್ನು ಬಿಟ್ಟು ಹೋಗಲಾರರು.

ಕೊಡಗಿನ ಗೌರಮ್ಮ (1912–1939) ಈ ಸಾಲಿನಲ್ಲಿ ಬೇರೆಯಾಗಿಯೇ ನಿಲ್ಲುತ್ತಾರೆ. ಹೆಸರಿನಲ್ಲೇ ಕೊಡಗು ಇದ್ದರೂ ಅವರ ಕಥೆಗಳಲ್ಲಿ ಮಂಜು, ಮಳೆ, ತೋಟಗಳ ವರ್ಣನೆ ತೀರ ಕಡಿಮೆ. ‘ವಾಣಿಯ ಸಮಸ್ಯೆ’ಯಂಥ ಕಥೆಯಲ್ಲಿ ಅವರಿಗೆ ಮುಖ್ಯವಾದದ್ದು ಮದುವೆ, ವೈಧವ್ಯ, ಹೆಣ್ಣಿನ ಬಾಯಿಗೆ ಬಾರದ ಆಸೆ. ಊರನ್ನು ಯಾರಿಗೂ ತೋರಿಸುವ ಹಂಗು ಅವರಿಗಿರಲಿಲ್ಲ. ಇಪ್ಪತ್ತೇಳು ತುಂಬುವ ಹೊತ್ತಿಗೆ ನೀರುಪಾಲಾದ ಲೇಖಕಿ ಬಿಟ್ಟುಹೋದ ‘ಕಂಬನಿ’, ‘ಚಿಗುರು’ ಸಂಕಲನಗಳಲ್ಲಿ ಕೊಡಗಿನ ಗದ್ಯ ಪರಿಚಯ ಗ್ರಂಥದಿಂದ ಪೂರ್ತಿ ಬಿಡುಗಡೆ ಪಡೆಯಿತು. ಈ ಬಿಡುಗಡೆಯನ್ನು ಮುಂದಿನವರು ಸಾಕಷ್ಟು ಗಮನಿಸಲಿಲ್ಲ ಎಂಬುದು ನಿಜವಾದ ನಷ್ಟ.

ಕೊಡಗಿನ ನೆನಪನ್ನು ಕನ್ನಡ ಕಾದಂಬರಿಯ ಮಧ್ಯಕ್ಕೆ ತಂದವರು ಕೊಡಗಿನವರಲ್ಲದ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಕೊಡಗಿನ ಕೊನೆಯ ಅರಸನನ್ನು ಕುರಿತ ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ, ಅಂದರೆ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಮೈಸೂರಿನೊಂದಿಗೆ ಸೇರಿದ ವರ್ಷದಲ್ಲೇ. ರಾಜ್ಯ ಕಳೆದುಕೊಂಡವರ ಕಥೆಗೆ ಅದಕ್ಕಿಂತ ತಕ್ಕ ಗಳಿಗೆ ಇರಲಾರದು. ಮಾಸ್ತಿಯವರ ಗೆಲುವು ದೊರೆಯ ದುರ್ನಡತೆಯ ಚಿತ್ರಣದಲ್ಲಿಲ್ಲ. ರಾಣಿ ಗೌರಮ್ಮಾಜಿಯ ತಾಳ್ಮೆ, ಕುಂಟ ಬಸವನ ನಿಷ್ಠೆ, ಮಂತ್ರಿ ಬೋಪಣ್ಣನ ಒಳತೋಟಿಗಳಲ್ಲಿದೆ. ಕೆಟ್ಟ ಅರಸನನ್ನು ಇಳಿಸಲು ಪರಕೀಯರಿಗೆ ಬಾಗಿಲು ತೆರೆದವರು ನಾಡನ್ನು ಉಳಿಸಿದರೋ ಕಳೆದರೋ ಎಂಬ ಪ್ರಶ್ನೆ ಬೋಪಣ್ಣನನ್ನು ಬಿಡುವುದಿಲ್ಲ. ಕೊಡಗಿನ ಗುರುತಿನ ಒಡಲಲ್ಲಿರುವ ಮುಳ್ಳೂ ಇದೇ. ಮಡಿಕೇರಿಯ ಕೋಟೆ, ರಾಜಾಸೀಟು, ಗದ್ದಿಗೆಗಳನ್ನು ಪ್ರವಾಸಿ ಕೈಪಿಡಿ ನೋಡತಕ್ಕ ಸ್ಥಳಗಳೆಂದು ಬರೆಯುತ್ತದೆ. ಮಾಸ್ತಿಯವರ ಓದುಗನಿಗೆ ಅದೇ ಮಡಿಕೇರಿ ಅಧಿಕಾರ ಕೊಳೆತ ಜಾಗ.

ದೊರೆ ಹೋದ ಮೇಲಿನ ಕಥೆಯನ್ನು ಕೈಗೆತ್ತಿಕೊಂಡವರು ಸುಳ್ಯದ ಸೀಮೆಯ ನಿರಂಜನ. ‘ಕಲ್ಯಾಣಸ್ವಾಮಿ’ ಮತ್ತು ‘ಸ್ವಾಮಿ ಅಪರಂಪಾರ’ ಕಾದಂಬರಿಗಳಲ್ಲಿ ಅವರು ಕುಂಪಣಿಯ ವಿರುದ್ಧ ಎದ್ದ ರೈತರನ್ನು, 1837ರ ಅಮರ ಸುಳ್ಯ ದಂಗೆಯ ಕಾಲವನ್ನು ಬರೆದರು. ಆ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಅರೆಭಾಷೆಯನ್ನಾಡುವ ಗೌಡರ ಈ ನೆನಪಿಗೆ ಪರಿಚಯ ಗ್ರಂಥಗಳಲ್ಲಿ ಸಿಕ್ಕ ಜಾಗ ಅಲ್ಪ. ನಿರಂಜನರ ಪಾತ್ರಗಳು ಕೆಲವೆಡೆ ವಿಚಾರದ ಭಾರಕ್ಕೆ ಬಾಗುತ್ತವೆ, ಆದರೂ ಒಂದೇ ನೆಲದಲ್ಲಿ ಒಂದಕ್ಕಿಂತ ಹೆಚ್ಚು ನೆನಪುಗಳಿವೆ ಎಂದು ಸಾಧಿಸಿದವರು ಅವರು.

ಕೊಡಗಿನವರೇ ಆದ ಭಾರತೀಸುತರು ಚರಿತ್ರೆಯನ್ನು ‘ಹುಲಿಯ ಹಾಲಿನ ಮೇವು’ ಕಾದಂಬರಿಯಲ್ಲಿ ಜನಪ್ರಿಯಗೊಳಿಸಿದರು. ‘ಎಡಕಲ್ಲು ಗುಡ್ಡದ ಮೇಲೆ’ ಕಾದಂಬರಿಯಲ್ಲಿ ಅವರು ನೆರೆಯ ವಯನಾಡಿಗೆ ಹೋದರು. ಪುಟ್ಟಣ್ಣ ಕಣಗಾಲರ 1973ರ ಚಿತ್ರದಿಂದ ಆ ಗುಡ್ಡದ ಹೆಸರು ಕನ್ನಡಿಗರ ಮನೆಮಾತಾಯಿತು. ಜಾಗವನ್ನು ಪಾತ್ರದ ಮನಸ್ಸಿನೊಳಗೆ ಇಳಿಸುವ ಕಲೆ ಭಾರತೀಸುತರಿಗೆ ಸಿದ್ಧಿಸಿತ್ತು.

ಇಂಗ್ಲಿಷ್ ಕಾದಂಬರಿಗಳ ಕಾಲಕ್ಕೆ ಹಳೆಯ ಸಾಲ ಮತ್ತೆ ಎದುರಿಗೆ ಬಂತು. ಓದುಗ ಹೊರಗಿನವನಾದ ಕೂಡಲೇ ಐನ್‌ಮನೆ (ಕುಲದ ಮೂಲಮನೆ), ಒಕ್ಕ (ಕುಲ), ಪೀಚೆಕತ್ತಿ (ಸೊಂಟದ ಕಿರುಗತ್ತಿ), ಪುತ್ತರಿ ಎಲ್ಲಕ್ಕೂ ವಿವರಣೆ ಬೇಕಾಗುತ್ತದೆ. ಶಸ್ತ್ರವೈದ್ಯೆಯೂ ಆದ ಕಾವೇರಿ ನಂಬೀಶನ್ ‘ದಿ ಸೆಂಟ್ ಆಫ್ ಪೆಪ್ಪರ್’ (1996) ಕಾದಂಬರಿಯಲ್ಲಿ ಈ ಕಷ್ಟವನ್ನು ಬಹುಮಟ್ಟಿಗೆ ಗೆದ್ದಿದ್ದಾರೆ. ಅಲ್ಲಿನ ನಂಜಿಗೆ ಮನೆಯೆಂದರೆ ದುಡಿಮೆ. ಅವಳ ಕೈ ನಡೆದಂತೆ ಓದುಗನಿಗೂ ಮನೆ ತಿಳಿಯುತ್ತ ಹೋಗುತ್ತದೆ. ಸರಿತಾ ಮಂದಣ್ಣ ಅವರ ‘ಟೈಗರ್ ಹಿಲ್ಸ್’ (2010) 1878ರಿಂದ ಆರಂಭವಾಗಿ ದೇವಿ, ದೇವಣ್ಣ, ಮಾಚುಗಳ ಪ್ರೇಮದುರಂತವನ್ನು ವಿಸ್ತಾರವಾಗಿ ಹೇಳುತ್ತದೆ. ಅದರ ಓಟ ಚೆನ್ನಾಗಿದೆ. ಆದರೆ ಚೆಲುವಾದ ಭೂದೃಶ್ಯ ಅನೇಕ ಕಡೆ ಪಾತ್ರಗಳಿಗಿಂತ ಮುಂದೆ ನಿಲ್ಲುತ್ತದೆ, ಅಲ್ಲಿ ರಿಕ್ಟರನ ಅನುಕ್ರಮ ಮರಳಿ ಬಂದಂತಿದೆ.

ಈ ಪರಂಪರೆಯ ಮೇಲಿನ ಗಂಭೀರ ಆಕ್ಷೇಪಣೆ ಇನ್ನೊಂದಿದೆ. ನೆನಪು ಎಂದೊಡನೆ ಅದು ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿಬಾಡೆಯ ದೀಪದಿಂದ ಶುರುವಾಗುತ್ತದೆ. ಗದ್ದೆಯಲ್ಲಿ ದುಡಿದ ಯರವರು, ಕಾಡಿನ ಜೇನುಕುರುಬರು, ತೋಟದ ಲೈನ್‌ಮನೆಗಳಲ್ಲಿ ತಲೆಮಾರು ಕಳೆದ ಕಾರ್ಮಿಕರು ಹೆಚ್ಚಾಗಿ ಆಳುಗಳಾಗಿ ಬಂದು ಹೋಗುತ್ತಾರೆ. ಕುಲದ ಮೂಲಪುರುಷರಾದ ಗುರುಕಾರೋಣರ ಹೆಸರು ಹೇಳಬಲ್ಲ ಒಕ್ಕಕ್ಕೆ ಕಾದಂಬರಿ ಸುಲಭವಾಗಿ ದಕ್ಕುತ್ತದೆ. ಜಮೀನೂ ದಾಖಲೆಯೂ ಇಲ್ಲದವರ ನೆನಪಿಗೆ ಬೇರೆ ಬಗೆಯ ಕಥನವೇ ಬೇಕು. ಪ್ರವಾಸಿ ಕೈಪಿಡಿಯಂತೂ ಅವರನ್ನು ದುಬಾರೆಯ ಆನೆ ಶಿಬಿರದ ಪಕ್ಕದ ಒಂದು ಸಾಲಿಗೆ ಇಳಿಸಿಬಿಡುತ್ತದೆ. ಅಲ್ಲಿ ಕಾದಂಬರಿ ಕೈಪಿಡಿಯನ್ನು ತಿದ್ದಬೇಕಿತ್ತು, ತಿದ್ದಿದ್ದು ಕಡಿಮೆ.

ಬದಲಾವಣೆಗೆ ಬೇಕಾದ ಆಧಾರಗಳು ಈಗ ಒದಗಿವೆ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿಯ ಜೊತೆಗೆ ಅರೆಭಾಷೆಗೂ ಪ್ರತ್ಯೇಕ ಅಕಾಡೆಮಿ ಬಂದಿದೆ. ಮಡಿಕೇರಿಯವರೇ ಆದ ದೀಪಾ ಭಾಸ್ತಿ 2023ರಲ್ಲಿ ಗೌರಮ್ಮನವರ ಕಥೆಗಳ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಕಾಫಿ ಮತ್ತು ಹೋಂಸ್ಟೇಗಳ ಮೂಲಕವಷ್ಟೇ ಕೊಡಗನ್ನು ಬಲ್ಲ ಓದುಗನಿಗೆ ಅದರಿಂದ ಬೆಟ್ಟದ ವರ್ಣನೆಯ ಹಂಗಿಲ್ಲದ, ಹೆಂಗಸರ ಸಂಕಟವನ್ನೇ ನೇರವಾಗಿ ಹೇಳುವ ಕೊಡಗಿನ ಗದ್ಯ ಸಿಗುತ್ತಿದೆ.